ಅಕ್ಕ ಪಾಲು ಕೇಳಿದರೆ ತವರಿಗೆ ದೋಷ ತಟ್ಟುತ್ತದೆಯೇ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕೃಷಿಕ. ವಯಸ್ಸು 53. ನಮ್ಮದು ತಂದೆಯ ಸೊತ್ತು ಮಕ್ಕಳಿಗೆ ಹೋಗುವ ಮಕ್ಕಳಕಟ್ಟಿನ ಹಿಂದೂ ಕುಟುಂಬ. ತಂದೆ 2021ರಲ್ಲಿ ತೀರಿಕೊಂಡರು. ಉಯಿಲು ಬರೆದಿಟ್ಟಿಲ್ಲ. ಅಮ್ಮ ನನ್ನ ಜೊತೆ ಇದ್ದಾರೆ. ಇರುವುದು ನಾನು ಮತ್ತು ಅಕ್ಕ, ಇಬ್ಬರೇ. ಅಕ್ಕನನ್ನು 1994ರಲ್ಲಿ ಮುಳ್ಳೇರಿಯಕ್ಕೆ ಕೊಟ್ಟೆವು. ಒಟ್ಟು ಮೂರೂವರೆ ಎಕರೆ ಜಾಗ. ಅದರಲ್ಲಿ ಎರಡೆಕರೆ ತಂದೆ ದುಡಿದು ಕೊಂಡ ಅಡಿಕೆ ತೋಟ. ಉಳಿದದ್ದು ಅಜ್ಜನಿಂದ ಬಂದದ್ದು. ಮನೆ, ನೀರಿನ ಸುರಂಗ, ನಾಗಬನ ಎಲ್ಲ ಅದರಲ್ಲೇ ಇವೆ. ಸಾಲಕ್ಕೆಂದು ಬ್ಯಾಂಕಿಗೆ ಹೋದಾಗ ಅಕ್ಕನ ಸಹಿ ಬೇಕು ಎಂದರು. ಅಕ್ಕನಿಗೆ ಹೇಳಿದರೆ, "ನನ್ನ ಪಾಲು ಎಷ್ಟು ಅಂತ ಮೊದಲು ಹೇಳು" ಎಂದಳು. ಚಿಕ್ಕಪ್ಪ ಸಿಟ್ಟಾದರು. ಮದುವೆ ಮಾಡಿ ಕೊಟ್ಟ ಹೆಣ್ಣು ತವರಿನ ಮಣ್ಣು ಕೇಳಿದರೆ ನಾಗ ಮುನಿಯುತ್ತದೆ, ಧರ್ಮಶಾಸ್ತ್ರದಲ್ಲೂ ಅದಕ್ಕೆ ಜಾಗ ಇಲ್ಲ ಎಂದರು. ನೆರೆಯ ಬ್ಯಾರಿ ಮುಸ್ಲಿಂ ಗೆಳೆಯ "ನಮ್ಮಲ್ಲಿ ಹೆಣ್ಣಿಗೆ ಅರ್ಧ" ಎನ್ನುತ್ತಾನೆ. ಮಗಳ ಕ್ರಿಶ್ಚಿಯನ್ ಸಹೋದ್ಯೋಗಿ "ನಮ್ಮಲ್ಲಿ ಸಮ" ಎಂದಳಂತೆ. ಮದುವೆಯಲ್ಲಿ 25 ಪವನು ಚಿನ್ನ ಹಾಕಿದ್ದೇವೆ. ತೋಟಕ್ಕೆ ಇಪ್ಪತ್ತೈದು ವರ್ಷ ದುಡಿದವನು ನಾನು. ಈ ಸಲ ನಾಗರಪಂಚಮಿಯ ತಂಬಿಲ ಪೂಜೆಗೆ ಅಕ್ಕ ಬರಲಿಲ್ಲ. ಅಮ್ಮ ಅಂದು ಊಟ ಮಾಡಲಿಲ್ಲ. ಧರ್ಮ ನಿಜವಾಗಿ ಏನು ಹೇಳುತ್ತದೆ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿದ್ದು ಜಾಗದ ಬಗ್ಗೆ, ಆದರೆ ನಿಮ್ಮನ್ನು ಕೊರೆಯುತ್ತಿರುವುದು ಕೊನೆಗೆ ಬರೆದದ್ದು ಅಂತ ನನಗೆ ಅನ್ನಿಸಿತು. ಅಕ್ಕ ತಂಬಿಲಕ್ಕೆ ಬರಲಿಲ್ಲ, ಅಮ್ಮ ಉಣ್ಣಲಿಲ್ಲ. ಅದರ ಮೇಲೆ ಪಾಲು ಕೊಟ್ಟರೆ ದೋಷವೋ, ಕೊಡದಿದ್ದರೆ ದೋಷವೋ ಎಂಬ ಭಯ ಬೇರೆ. ನಾನು ವಕೀಲೆ. ಸ್ವಾಮಿಗಳೂ ಅಲ್ಲ, ಜ್ಯೋತಿಷಿಯೂ ಅಲ್ಲ. ಆದರೆ ಕಾಸರಗೋಡು, ಹೊಸದುರ್ಗದ ಕೋರ್ಟುಗಳಲ್ಲಿ ಇಪ್ಪತ್ತೆಂಟು ವರ್ಷ ಪಾಲಿನ ದಾವೆ ನಡೆಸಿದ್ದೇನೆ, ಈಗ ಹೆಚ್ಚಾಗಿ ಸಂಧಾನ ಮಾಡಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಯಾವ ಪಾಲಿನ ಜಗಳವೂ ಬರೀ ಜಾಗದ ಜಗಳ ಆಗಿರುವುದಿಲ್ಲ. ನಾಗ, ದೈವ, ಶಾಸ್ತ್ರ, ಕಿತಾಬು, ಬೈಬಲ್, ಯಾವುದಾದರೂ ಒಂದು ಮೇಜಿನ ಮೇಲೆ ಬಂದೇ ಬರುತ್ತದೆ. ಹಾಗಾಗಿ ಇವನ್ನೆಲ್ಲ ಓದಿಕೊಳ್ಳುವುದು ನನಗೆ ಅನಿವಾರ್ಯವಾಯಿತು.

ಮೊದಲು ನಾಗನ ವಿಷಯ ಹೇಳಿಬಿಡುತ್ತೇನೆ, ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಲ್ವಾ. ನಾಗಬನದ ಬಗ್ಗೆ ನಮ್ಮ ಹಿರಿಯರು ಇಟ್ಟ ಕಟ್ಟುಪಾಡುಗಳು ಯಾವುವು ನೆನಪು ಮಾಡಿಕೊಳ್ಳಿ. ಬನದ ಮರ ಕಡಿಯಬಾರದು. ಮಣ್ಣು ಅಗೆಯಬಾರದು. ಮೈಲಿಗೆ ಮಾಡಬಾರದು. ವರ್ಷಕ್ಕೊಮ್ಮೆ ಹಾಲು, ಸೀಯಾಳ, ತಂಬಿಲ ತಪ್ಪಬಾರದು. ಎಲ್ಲಿಗೇ ಹೋಗಿ ನೆಲೆಸಿದರೂ ಮೂಲದ ನಾಗನನ್ನು ಮರೆಯಬಾರದು. ಇದರಲ್ಲಿ ಎಲ್ಲಿಯಾದರೂ "ಮನೆಮಗಳು ಪಾಲು ಕೇಳಬಾರದು" ಅಂತ ಇದೆಯೇ? ನಾನು ಕೇಳಿಲ್ಲ. ತಂತ್ರಿಗಳನ್ನು ಕೇಳಿದ್ದೇನೆ, ಅವರೂ ಹೇಳಲಿಲ್ಲ. ಈ ಮಾತು ಬನದಿಂದ ಬಂದದ್ದಲ್ಲ, ಜಾಗದ ಆಧಾರದ, ಅಂದರೆ ನೋಂದಣಿ ಪತ್ರದ, ಕಾಗದದಿಂದ ಹುಟ್ಟಿದ್ದು. ಹೆಣ್ಣುಮಕ್ಕಳ ಸಹಿ ಬೇಕು ಅಂತ ಕಾನೂನು ಬಂದ ಮೇಲೆ ಈ ಹೆದರಿಕೆ ಜಾಸ್ತಿ ಕೇಳಿಸತೊಡಗಿತು. ಚಿಕ್ಕಪ್ಪ ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಯಾರೋ ಹಾಗೆ ಹೇಳಿರುತ್ತಾರೆ, ಅವರು ನಂಬಿರುತ್ತಾರೆ.

ಮನೆಯಲ್ಲಿ ಕಷ್ಟ ಬಂದಾಗ ಜ್ಯೋತಿಷಿಗಳಿಂದ ಅಷ್ಟಮಂಗಲ ಪ್ರಶ್ನೆ ಇಡಿಸುವುದು ನಮ್ಮ ಕಡೆ ವಾಡಿಕೆ. ಪ್ರಶ್ನೆಯಲ್ಲಿ ಏನೇನು ಕಂಡಿತು ಅಂತ ಬರೆದುಕೊಂಡ ಹಾಳೆಗಳನ್ನು ಕಕ್ಷಿದಾರರು ಫೈಲಿನ ಜೊತೆ ನನಗೂ ತಂದು ತೋರಿಸುತ್ತಾರೆ. ನಾನು ನೋಡಿದ ಹಾಳೆಗಳಲ್ಲಿ ಮತ್ತೆ ಮತ್ತೆ ಬಂದದ್ದು "ಕುಟುಂಬದ ಹೆಣ್ಣಿನ ಕಣ್ಣೀರು" ಎಂಬ ಮಾತು. ಹೆಣ್ಣು ಪಾಲು ತೆಗೆದುಕೊಂಡಳು, ಅದಕ್ಕೆ ದೋಷ ಬಂತು ಅಂತ ಒಂದು ಹಾಳೆಯಲ್ಲೂ ನಾನು ಓದಿಲ್ಲ.

ಈಗ ಶಾಸ್ತ್ರ. ಚಿಕ್ಕಪ್ಪ ಹೇಳಿದ್ದರಲ್ಲಿ ಸತ್ಯದ ಒಂದು ತುಂಡು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಋಗ್ವೇದದ ಮೂರನೇ ಮಂಡಲದಲ್ಲಿ, ಮಗನು ಸೋದರಿಗೆ ಸೊತ್ತು ಬಿಟ್ಟುಕೊಡಲಿಲ್ಲ ಎಂಬ ಅರ್ಥದ ಒಂದು ಸಾಲಿದೆ. ಹೆಣ್ಣಿಗೆ ಪಾಲಿಲ್ಲ ಎನ್ನುವವರು ಹಿಡಿಯುವುದು ಅದನ್ನೇ. ಆದರೆ ವೇದದ ಪದಗಳಿಗೆ ಅರ್ಥ ಹೇಳುವ ಯಾಸ್ಕರ ನಿರುಕ್ತದಲ್ಲಿ ಇದೇ ವಿಷಯಕ್ಕೆ ಎರಡು ಕಡೆಯ ವಾದ ಕೊಟ್ಟಿದ್ದಾರೆ. ಅಲ್ಲೇ ಇನ್ನೊಂದು ಶ್ಲೋಕ ಬರುತ್ತದೆ: ಧರ್ಮದ ಪ್ರಕಾರ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಪಾಲು ಸಲ್ಲುತ್ತದೆ ಎಂದು ಸ್ವಾಯಂಭುವ ಮನು ಹೇಳಿದ ಅಂತ. ಅಂದರೆ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಪಂಡಿತರು ಈ ಬಗ್ಗೆ ವಾದ ಮಾಡುತ್ತಿದ್ದರು. "ಶಾಸ್ತ್ರದಲ್ಲಿ ಇಲ್ಲವೇ ಇಲ್ಲ" ಎನ್ನುವಷ್ಟು ಸಲೀಸಾಗಿ ಮುಗಿದ ವಿಷಯ ಇದಲ್ಲ.

ಮನುಸ್ಮೃತಿಯ ಒಂಬತ್ತನೇ ಅಧ್ಯಾಯದ 118ನೇ ಶ್ಲೋಕ ತೆಗೆದು ನೋಡಿ. ಅಣ್ಣತಮ್ಮಂದಿರು ಪ್ರತಿಯೊಬ್ಬರೂ ತಮ್ಮ ಪಾಲಿನಿಂದ ಕಾಲು ಭಾಗವನ್ನು ಮದುವೆಯಾಗದ ಸೋದರಿಯರಿಗೆ ಕೊಡಬೇಕು, ಕೊಡಲು ಮನಸ್ಸಿಲ್ಲದವರು ಪತಿತರು ಎನ್ನುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ಈ ಕಾಲು ಪಾಲಿದೆ. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕನ್ನಡ ನೆಲದವರು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ ಕೂತು ಬರೆದರು. ಈ ಕಾಲು ಪಾಲೆಂದರೆ ಬರೀ ಮದುವೆ ಖರ್ಚು ಎನ್ನುವವರಿದ್ದರು. ವಿಜ್ಞಾನೇಶ್ವರರು ಅದನ್ನು ಒಪ್ಪಲಿಲ್ಲ. ತಂದೆ ಹೋದ ಮೇಲೆ ಮಗಳೂ ಪಾಲುದಾರಳೇ ಎಂದರು. ಹೌದು, ಅವರು ಮಾತಾಡಿದ್ದು ಮದುವೆಯಾಗದ ಮಗಳ ಬಗ್ಗೆ. ನಿಮ್ಮ ಚಿಕ್ಕಪ್ಪನ ಮಾತಿಗೆ ಬಲ ಬರುವುದು ಅಷ್ಟಕ್ಕೆ. ಅಂದಿನ ಕಟ್ಟಿನಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆಗೆ ಸೇರಿದವಳು.

ಆದರೆ ಶಾಪದ ಮಾತು ಬಂದಿದೆಯಲ್ಲ, ಅದೇ ಮನುಸ್ಮೃತಿಯ ಮೂರನೇ ಅಧ್ಯಾಯ ನೋಡಿ. "ಯತ್ರ ನಾರ್ಯಸ್ತು ಪೂಜ್ಯಂತೇ" ಎಲ್ಲರಿಗೂ ಬಾಯಿಪಾಠ. ಅದರ ಮುಂದಿನ ಎರಡು ಶ್ಲೋಕಗಳನ್ನು ಯಾರೂ ಹೇಳುವುದಿಲ್ಲ. ಅಲ್ಲಿ "ಜಾಮಿ" ಎಂಬ ಪದ ಇದೆ. ಜಾಮಿ ಎಂದರೆ ಸೋದರಿ, ಮನೆಯ ಹೆಣ್ಣು. ಜಾಮಿಯರು ದುಃಖಪಡುವ ಮನೆ ಬೇಗ ನಾಶವಾಗುತ್ತದೆ ಎನ್ನುತ್ತದೆ 57ನೇ ಶ್ಲೋಕ, ಗೌರವ ಸಿಗದೆ ಅವರು ಶಪಿಸಿದ ಮನೆ ಮಾಟ ತಟ್ಟಿದ ಹಾಗೆ ಸುತ್ತಲಿಂದ ಹಾಳಾಗುತ್ತದೆ ಎನ್ನುತ್ತದೆ 58ನೇ ಶ್ಲೋಕ. ಶಾಪಕ್ಕೆ ಹೆದರುವುದಾದರೆ ಯಾರಿಗೆ ಹೆದರಬೇಕು ಅಂತ ಗ್ರಂಥವೇ ಹೇಳಿದೆ. ಅದೇ ಅಧ್ಯಾಯದಲ್ಲಿ ಹೆಣ್ಣನ್ನು ಗೌರವಿಸಬೇಕಾದವರ ಪಟ್ಟಿ ಇದೆ: ತಂದೆ, ಸೋದರ, ಗಂಡ, ಮೈದುನ. ಮದುವೆ ಮಾಡಿ ಕೊಟ್ಟ ಮೇಲೆ ಸೋದರನ ಹೆಸರು ಪಟ್ಟಿಯಿಂದ ಬಿದ್ದುಹೋಗುವುದಿಲ್ಲ.

ದೀಪಾವಳಿಯ ಪಾಡ್ಯದ ಮರುದಿನದ ಬಿದಿಗೆಯನ್ನು ಯಮದ್ವಿತೀಯ ಎನ್ನುತ್ತಾರೆ. ನಮ್ಮ ಕೊಂಕಣಿ ಮನೆಗಳಲ್ಲಿ ಅದನ್ನು ಈಗಲೂ ಆಚರಿಸುತ್ತಾರೆ. ಯಮ ಬಹಳ ಕಾಲದ ಮೇಲೆ ತಂಗಿ ಯಮುನೆಯ ಮನೆಗೆ ಊಟಕ್ಕೆ ಹೋದ ದಿನ ಅದು. ಆ ದಿನ ಗಂಡಸು ತನ್ನ ಮನೆಯಲ್ಲಿ ಉಣ್ಣಬಾರದು, ಸೋದರಿಯ ಮನೆಗೆ ಹೋಗಿ ಅವಳ ಕೈಯ ಅನ್ನ ಉಣ್ಣಬೇಕು, ಅವಳಿಗೆ ಉಡುಗೊರೆ ಕೊಡಬೇಕು ಎಂಬುದು ವ್ರತದ ವಿಧಿ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಒಂದೇ ಒಂದು ವಿಷಯ. ನಡೆದು ಹೋಗಬೇಕಾದವನು ಅಣ್ಣ, ತಂಗಿಯಲ್ಲ. ಯಮಧರ್ಮನಂಥವನೇ ಹೋದ.

ಇನ್ನು ನಮ್ಮ ಊರಿನದೇ ನಂಬಿಕೆಗೆ ಬರೋಣ. ಇಲ್ಲಿ ನನಗೆ ಹೇಳುವುದಕ್ಕೆ ಸ್ವಲ್ಪ ಜಾಸ್ತಿ ಇದೆ. ತುಳುನಾಡಿನಲ್ಲಿ ಸೋದರಿಯ ಸ್ಥಾನ ಬೇರೆ ಕಡೆಯ ಹಾಗಲ್ಲ. ನೀವು ಮಕ್ಕಳಕಟ್ಟಿನವರು, ಆದರೆ ನಿಮ್ಮ ನೆರೆಯಲ್ಲಿ ಸೊತ್ತು ಸೋದರಿಯ ಮಕ್ಕಳಿಗೆ ಹೋಗುತ್ತಿದ್ದ ಅಳಿಯಕಟ್ಟಿನ ಮನೆಗಳು ಎಷ್ಟಿವೆ ಎಣಿಸಿ. ಬಂಟರು, ಬಿಲ್ಲವರು. ಚಂದ್ರಗಿರಿ ಹೊಳೆ ದಾಟಿದರೆ ನಾಯರು, ತೀಯರು, ಅವರಲ್ಲಿ ಅದೇ ಕಟ್ಟಿನ ಹೆಸರು ಮರುಮಕ್ಕತ್ತಾಯ. ಪಯ್ಯನ್ನೂರಿನ ಒಂದು ಬ್ರಾಹ್ಮಣ ಪಂಗಡದಲ್ಲೂ, ಉತ್ತರ ಮಲಬಾರಿನ ಎಷ್ಟೋ ಮಾಪ್ಪಿಳ್ಳೆ ಮನೆಗಳಲ್ಲೂ ಅದೇ ಕಟ್ಟು ಇತ್ತು. ಅಲ್ಲೆಲ್ಲ ತರವಾಡು, ಅಂದರೆ ಮೂಲ ಮನೆತನ, ಬೆಳೆಯುವುದು ಸೋದರಿಯ ಮಕ್ಕಳಿಂದ.

ಈ ಕಟ್ಟು ಹೇಗೆ ಬಂತು ಎಂಬುದಕ್ಕೆ ಭೂತಾಳ ಪಾಂಡ್ಯನ ಕತೆ ಹೇಳುತ್ತಾರೆ. ಕುಂಡೋದರನೆಂಬ ಭೂತ ಬಲಿ ಕೇಳಿತು. ಅರಸನ ಹೆಂಡತಿ ತನ್ನ ಮಕ್ಕಳನ್ನು ಕೊಡಲು ಒಪ್ಪಲಿಲ್ಲ. ಆಗ ಅರಸನ ಸೋದರಿ ಸತ್ಯವತಿ ತನ್ನ ಮಗ ಜಯ ಪಾಂಡ್ಯನನ್ನು ಮುಂದೆ ನಿಲ್ಲಿಸಿದಳು. ಭೂತ ಮೆಚ್ಚಿ ಹುಡುಗನನ್ನು ಉಳಿಸಿತು, ಅವನೇ ಭೂತಾಳ ಪಾಂಡ್ಯನಾದ. ಅಂದಿನಿಂದ ರಾಜ್ಯ ಸೋದರಿಯ ಮಗನಿಗೆ. ಇದು ಇತಿಹಾಸ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ನಾಡು ತನ್ನ ಪಾಲಿನ ಕ್ರಮಕ್ಕೆ ಇಂಥ ಕತೆ ಕಟ್ಟಿಕೊಂಡಿತು ಅನ್ನುವುದು ಸಣ್ಣ ಸಂಗತಿಯಲ್ಲ. ಅಳಿಯಕಟ್ಟಿನಲ್ಲೂ ಯಜಮಾನಿಕೆ ಹೆಚ್ಚಾಗಿ ಅಣ್ಣನ ಕೈಯಲ್ಲೇ ಇತ್ತು, ಅಲ್ಲೂ ಹೆಣ್ಣು ಕಣ್ಣೀರು ಹಾಕಿದ್ದುಂಟು. ಆದರೂ ಮಣ್ಣು ಅವಳ ಹೊಟ್ಟೆಯ ದಾರಿಯಲ್ಲೇ ಹರಿಯಿತು. ಆ ಮನೆಗಳಲ್ಲೂ ನಾಗಬನ ಇದೆ. ಹೆಣ್ಣಿಗೆ ಜಾಗ ಸೇರುವುದು ನಾಗನಿಗೆ ಆಗದಿದ್ದರೆ ಅಲ್ಲಿನ ನಾಗ ಎಂದೋ ಮುನಿಯಬೇಕಿತ್ತು.

ದೈವಗಳನ್ನೂ ನೋಡಿ. ಕಲ್ಕುಡ ಕಲ್ಲುರ್ಟಿ ಅವಳಿ ಅಣ್ಣತಂಗಿ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ಕಡೆದವನು ಕಲ್ಕುಡ, ಅಂಥ ಕೆಲಸ ಇನ್ನೆಲ್ಲೂ ಮಾಡಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಅಂತ ಪಾಡ್ದನ, ಅಂದರೆ ತುಳು ಕಥನಗೀತೆ, ಹೇಳುತ್ತದೆ. ಅವನನ್ನು ಹುಡುಕಿಕೊಂಡು ಹೊರಟು, ಅನ್ಯಾಯಕ್ಕೆ ನ್ಯಾಯ ಕೇಳಿದವಳು ಕಲ್ಲುರ್ಟಿ. ಕೋಟಿ ಚೆನ್ನಯರು ಎಣ್ಮೂರಿನ ಕಡೆ ಹೋಗುವ ದಾರಿಯಲ್ಲಿ ಪಂಜದಲ್ಲಿ ಹುಡುಕಿ ಸೇರಿದ್ದು ಅಕ್ಕ ಕಿನ್ನಿದಾರುವಿನ ಮನೆಯನ್ನು. ಬಬ್ಬು ಸ್ವಾಮಿಯ ಕತೆಯಲ್ಲೂ ಸೋದರಿ ಇದ್ದಾಳೆ. ನಾವು ಕೈ ಮುಗಿಯುವ ದೈವಗಳ ಲೋಕದಲ್ಲಿ ಸೋದರಿ ಎಂದರೆ ನ್ಯಾಯ ಕೇಳುವವಳು. ನ್ಯಾಯ ಕೇಳಿದ್ದಕ್ಕೆ ದೈವ ಮುನಿಯಿತು ಅನ್ನುವ ಪಾಡ್ದನ ನನಗೆ ಗೊತ್ತಿಲ್ಲ.

ನಿಮ್ಮ ಬ್ಯಾರಿ ಗೆಳೆಯ ಹೇಳಿದ್ದು ಸರಿ, ಆದರೆ ಪೂರ್ತಿಯಲ್ಲ. ಕುರ್‌ಆನಿನ ನಾಲ್ಕನೇ ಅಧ್ಯಾಯ ಅನ್ನಿಸಾದ 11ನೇ ವಚನದಲ್ಲಿ ಮಗನಿಗೆ ಇಬ್ಬರು ಹೆಣ್ಣುಮಕ್ಕಳಷ್ಟು ಪಾಲು ಎಂದಿದೆ. ಅದಕ್ಕೆ ಮೊದಲು 7ನೇ ವಚನದಲ್ಲಿ, ಸೊತ್ತು ಸ್ವಲ್ಪವಿರಲಿ ಜಾಸ್ತಿ ಇರಲಿ, ಗಂಡಿಗೂ ಪಾಲಿದೆ, ಹೆಣ್ಣಿಗೂ ಪಾಲಿದೆ, ಅದು ನಿಗದಿಯಾದ ಪಾಲು ಎಂದಿದೆ. ಗಂಡಿಗೆ ಎರಡು ಪಟ್ಟು ಏಕೆ ಎಂದು ಕೇಳಿದರೆ ಮೌಲವಿಗಳು ಕೊಡುವ ಕಾರಣ, ಮದುವೆಯಲ್ಲಿ ವಧುವಿಗೆ ಮಹರ್ ಕೊಡುವವನು, ಮನೆಮಂದಿಯನ್ನು ಸಾಕುವ ಹೊಣೆ ಹೊತ್ತವನು ಅವನು ಎಂದು. ಈ ಅರ್ಧದ ಬಗ್ಗೆ ಅವರಲ್ಲೇ ಇಂದು ಚರ್ಚೆ ಇದೆ, ಅದು ಅವರ ಚರ್ಚೆ. ಆದರೆ ಆ ಅರ್ಧವನ್ನೂ ಕೊಡದೆ "ತಂಗಿ ಬಿಟ್ಟುಕೊಟ್ಟಳು" ಅಂತ ಬರೆಸಿಕೊಳ್ಳುವವರನ್ನು ನಾನು ಕಂಡಿದ್ದೇನೆ, ಅದಕ್ಕೆ ಅವರ ಧರ್ಮದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ರಕ್ತಸಂಬಂಧ ಕಡಿದವನು ಸ್ವರ್ಗಕ್ಕೆ ಹೋಗಲಾರ ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತು, ಬುಖಾರಿ, ಮುಸ್ಲಿಂ ಎಂಬ ಎರಡು ಸಂಗ್ರಹಗಳಲ್ಲೂ ಇದೆ. ಪ್ರವಾದಿಯವರಿಗೆ ಹಾಲಿನ ಸಂಬಂಧದಲ್ಲಿ ಅಕ್ಕನಾಗಿದ್ದ ಶೈಮಾ ಹುನೈನ್ ಯುದ್ಧದ ನಂತರ ಸೆರೆಯಾಳುಗಳ ಗುಂಪಿನಲ್ಲಿ ಎದುರಾದಾಗ, ಅವರು ತಮ್ಮ ಮೇಲುಹೊದಿಕೆಯನ್ನು ಹಾಸಿ ಆಕೆಯನ್ನು ಕೂರಿಸಿದರು ಎಂದು ಅವರ ಚರಿತ್ರೆ ಹೇಳುತ್ತದೆ. ಹಾಲಿನ ಸಂಬಂಧಕ್ಕೇ ಅಷ್ಟು ಮರ್ಯಾದೆ.

ಕ್ರಿಶ್ಚಿಯನ್ನರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೈಬಲಿನ ಅರಣ್ಯಕಾಂಡದ 27ನೇ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು ಪಾಲು ಕೇಳಿ ಪಡೆಯುತ್ತಾರೆ. ಆದರೆ ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ. ನಿಮ್ಮ ಪ್ರಶ್ನೆಗೆ ಹತ್ತಿರದ್ದು ಯೋಬನ ಕತೆ. ಅವನಿಗೆ ಗಂಡುಮಕ್ಕಳಿದ್ದರೂ ಮೂವರು ಹೆಣ್ಣುಮಕ್ಕಳಿಗೆ ಅವರ ಅಣ್ಣತಮ್ಮಂದಿರ ನಡುವೆಯೇ ಸೊತ್ತು ಕೊಟ್ಟ ಎಂದಿದೆ. ಆದರೂ ಕೊಟ್ಟಾಯಂ ಕಡೆಯ ಸಿರಿಯನ್ ಕ್ರಿಶ್ಚಿಯನ್ನರಲ್ಲಿ ಮಗಳಿಗೆ ಸಿಗುತ್ತಿದ್ದುದು ತೀರಾ ಕಡಿಮೆ. ಮೇರಿ ರಾಯ್ ತಮ್ಮ ಸೋದರನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದ ಮೇಲೆ ಮಗನಿಗೂ ಮಗಳಿಗೂ ಸಮಪಾಲು ಕೊಡುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅವರಿಗೂ ಬಂತು. ನಮ್ಮ ಮೂಡಣ ಗುಡ್ಡಗಳಲ್ಲಿ ಆ ಕಡೆಯಿಂದ ಬಂದು ನೆಲೆಸಿದ ಕುಟುಂಬಗಳು ಬಹಳ ಇವೆ. ಅಲ್ಲಿಯೂ ಪಾಲು ಕೇಳಿದ ತಂಗಿಗೆ "ಕೋರ್ಟಿಗೆ ಹೋದವಳು" ಎಂಬ ಹೆಸರು ಅಂಟಿಕೊಳ್ಳುತ್ತದೆ. ಧರ್ಮ ಯಾವುದಾದರೂ ಸರಿ, ಅಣ್ಣತಮ್ಮಂದಿರ ಹೆದರಿಕೆ ಒಂದೇ ತರಹದ್ದು.

ಕಾನೂನಿನಲ್ಲಿ ನಿಮ್ಮ ಸ್ಥಿತಿ ಹೀಗಿದೆ. ತಂದೆ ಸ್ವಂತ ದುಡಿಮೆಯಿಂದ ಕೊಂಡ ಎರಡೆಕರೆಯಲ್ಲಿ ಗೊಂದಲವೇ ಇಲ್ಲ. ಉಯಿಲು ಇಲ್ಲದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ಅಕ್ಕ, ನೀವು, ಮೂವರಿಗೂ ಸಮ. ಮೂರರಲ್ಲಿ ಒಂದೊಂದು. ಇದು ಪಿತ್ರಾರ್ಜಿತದಲ್ಲೂ ಮಗಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯಿಂದ ಬಂದದ್ದಲ್ಲ, 1956ರಿಂದಲೇ ಇದೆ. ಅಕ್ಕನ ಮದುವೆ ಯಾವ ವರ್ಷ ಆಯಿತು ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಜ್ಜನಿಂದ ಬಂದ ಒಂದೂವರೆ ಎಕರೆಯಲ್ಲಿ ಮಾತ್ರ ಸ್ವಲ್ಪ ತೊಡಕಿದೆ. ಕೇರಳದಲ್ಲಿ 1975ರ ಒಂದು ಕಾಯ್ದೆ ಹಿಂದೂ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕಿತು. ಅದು ಜಾರಿಯಾದದ್ದು 1976ರ ಡಿಸೆಂಬರ್ 1ರಂದು. ಅಂದು ಹುಟ್ಟಿದ್ದ ಗಂಡುಮಕ್ಕಳ ಪಾಲು ಬೇರೆಯಾಗಿ ನಿಂತಿತು ಎಂಬ ಲೆಕ್ಕ. ನೀವು ಆಗ ನಾಲ್ಕು ವರ್ಷದ ಹುಡುಗ. ಹಾಗಾಗಿ 2005ರ ತಿದ್ದುಪಡಿಯ ಸಮಪಾಲು ಕೇರಳದ ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ ಎಂದೇ ನಾವು ವಕೀಲರು ಬಹಳ ವರ್ಷ ಹೇಳುತ್ತಿದ್ದೆವು. ಗಡಿ ದಾಟಿ ಪುತ್ತೂರಿಗೆ ಹೋದರೆ ಒಂದು ಉತ್ತರ, ಬದಿಯಡ್ಕದಲ್ಲಿ ಇನ್ನೊಂದು. ಆದರೆ 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಬೇರೆ ತೀರ್ಪು ಕೊಟ್ಟಿತು. ರಾಜ್ಯದ ಆ ಕಾಯ್ದೆಯ ಮುಖ್ಯ ಕಲಮುಗಳು ಕೇಂದ್ರದ ತಿದ್ದುಪಡಿಯ ಎದುರು ನಿಲ್ಲುವುದಿಲ್ಲ, 2004ರ ಡಿಸೆಂಬರ್ 20ರ ನಂತರ ತೀರಿಕೊಂಡ ಹಿಂದೂವಿನ ಮಗಳಿಗೆ ಪಿತ್ರಾರ್ಜಿತದಲ್ಲೂ ಸಮಪಾಲು ಎಂದಿತು. ನಿಮ್ಮ ತಂದೆ ತೀರಿಕೊಂಡದ್ದು 2021ರಲ್ಲಿ. ಅಜ್ಜನ ಜಾಗ ತಂದೆಗೆ ಯಾವ ರೀತಿ, ಯಾವ ವರ್ಷ ಬಂತು ಎಂಬುದನ್ನು ಹಳೆಯ ಆಧಾರ ನೋಡಿಯೇ ಹೇಳಬೇಕು. ಆದರೆ ಅಕ್ಕನಿಗೆ ಅದರಲ್ಲಿ ಪಾಲಿಲ್ಲ ಎಂಬ ಧೈರ್ಯದಲ್ಲಿ ಮುಂದೆ ಹೋಗಬೇಡಿ.

ಇನ್ನು 25 ಪವನು. ಮದುವೆಗೆ ಹಾಕಿದ ಚಿನ್ನ ಅವಳ ಸ್ತ್ರೀಧನ. ಅದನ್ನು ಪಾಲಿನಿಂದ ಕಳೆಯುವ ಲೆಕ್ಕ ಕಾನೂನಿನಲ್ಲಿಲ್ಲ. ಆದರೆ ನಿಮ್ಮ ಇಪ್ಪತ್ತೈದು ವರ್ಷದ ದುಡಿಮೆ ದೊಡ್ಡದು. ಸಸಿ ನೆಟ್ಟು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಬೇಸಗೆಯಲ್ಲಿ ನೀರು ಹಿಡಿಸಿ ತೋಟ ಉಳಿಸಿದವರು ನೀವು. ಅದನ್ನು ಹೇಳಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ನಾನು ಕೂರಿಸಿದ ಸಂಧಾನಗಳಲ್ಲಿ "ನನಗೆ ಜಾಸ್ತಿ ಹಕ್ಕಿದೆ" ಎಂದ ತಮ್ಮನಿಗೆ ಅಕ್ಕ ಒಂದಿಂಚೂ ಬಿಡಲಿಲ್ಲ. "ನಾನು ಇಷ್ಟು ದುಡಿದಿದ್ದೇನೆ, ನೀನೇ ನೋಡಿ ಹೇಳು" ಎಂದವನಿಗೆ ಅಕ್ಕಂದಿರೇ ಎಷ್ಟೋ ಸಲ ಬಿಟ್ಟುಕೊಟ್ಟಿದ್ದಾರೆ.

ಒಂದು ದಿನದ ವಿಷಯ ಹೇಳುತ್ತೇನೆ. ನನ್ನ ಆಫೀಸಿಗೆ ಒಬ್ಬ ತಮ್ಮ ಅಕ್ಕನನ್ನು ಕರೆತಂದಿದ್ದ. ಅಕ್ಕನಿಗೆ ಅರವತ್ತು ದಾಟಿತ್ತು. ಕಾಗದ ಮೊದಲೇ ಟೈಪಾಗಿತ್ತು, ಹಕ್ಕು ಬಿಟ್ಟುಕೊಡುವ ಒಳಿಮುರಿ. ನಾನು ಓದಿ ಹೇಳಿದೆ. ಆಕೆ ತಲೆಯಾಡಿಸಿದರು. ಪೆನ್ನು ತೆಗೆದುಕೊಂಡು ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಆಮೇಲೆ ತಮ್ಮನ ಕಡೆ ತಿರುಗಿ ಕೇಳಿದರು, "ಇನ್ನು ನಾನು ಬಂದರೆ ಯಾವ ಕೋಣೆಯಲ್ಲಿ ಮಲಗಲಿ?" ತಮ್ಮ ಏನೂ ಹೇಳಲಿಲ್ಲ. ನೆಲ ನೋಡುತ್ತ ಕೂತ. ಮನೆಗೆ ಹೊಸದಾಗಿ ಟೈಲ್ಸ್ ಹಾಕಿಸುವಾಗ ಅಕ್ಕ ಮಲಗುತ್ತಿದ್ದ ಕೋಣೆಯನ್ನು ಅಡಿಕೆ ಗೋಣಿ ಇಡಲು ಮಾಡಿದ್ದರಂತೆ. ಆ ದಿನ ಸಹಿ ಆಗಲಿಲ್ಲ. ನಾನೇ ಬೇಡ ಎಂದೆ. ಮೂರು ತಿಂಗಳ ಮೇಲೆ ಅವರಿಬ್ಬರೂ ಬೇರೆ ಕಾಗದ ಬರೆಸಿಕೊಂಡು ಹೋದರು.

ನಿಮ್ಮ ಮುಂದಿರುವ ದಾರಿಗಳು ನಾಲ್ಕೈದು.

ಭಾಗಪತ್ರ ಮಾಡಿ ಜಾಗವನ್ನೇ ಗಡಿ ಹಾಕಿ ಹಂಚುವುದು ಒಂದು. ಇದು ಸ್ವಚ್ಛ. ಆದರೆ ನಮ್ಮ ಕಡೆ ತೋಟ ಹಂಚುವುದು ನೀರು ಹಂಚಿದಷ್ಟೇ ಕಷ್ಟ. ಸುರಂಗ ನಿಮ್ಮ ಗಡಿಯೊಳಗೆ ಉಳಿದು ಅಕ್ಕನ ಮರಗಳು ಕೆಳಗಿನ ತಟ್ಟಿನಲ್ಲಿ ಇದ್ದರೆ ನಾಳೆ ಮಾರ್ಚಿಯಲ್ಲಿ ಏನು? ಸುರಂಗದ ನೀರು ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಯಾರಿಗೆ, ಪೈಪು ಎಲ್ಲಿ ಹೋಗಬೇಕು, ಅಡಿಕೆ ಒಣಗಿಸಲು ಅಂಗಳ ಯಾರಿಗೆ, ವಾಹನ ಬರುವ ದಾರಿ ಎಷ್ಟಗಲ, ಇದೆಲ್ಲ ಕಾಗದದಲ್ಲಿ ಬರಬೇಕು. "ನಾವು ಅಣ್ಣತಂಗಿ, ಅಷ್ಟೆಲ್ಲ ಬರೆಯುವುದೇಕೆ" ಎಂದು ಬಿಟ್ಟ ಕಡೆಯೇ ಮುಂದೆ ಮಕ್ಕಳು ಕೋರ್ಟಿಗೆ ಬಂದಿದ್ದಾರೆ.

ಅಕ್ಕನ ಪಾಲಿಗೆ ಬೆಲೆ ಕಟ್ಟಿ ಹಣ ಕೊಡುವುದು ಇನ್ನೊಂದು. ನಿಮ್ಮಂಥ ಸಣ್ಣ ತೋಟಕ್ಕೆ ನನಗೆ ಹೆಚ್ಚು ಸರಿ ಅನ್ನಿಸುವುದು ಇದೇ. ಬೆಲೆಯನ್ನು ನೀವೊಬ್ಬರೇ ಕಟ್ಟಬೇಡಿ. ಇಬ್ಬರೂ ಒಪ್ಪುವ ಮೂರನೆಯವರು ಕಟ್ಟಲಿ. ಒಂದೇ ಸಲ ಆಗದಿದ್ದರೆ ಎರಡು ಮೂರು ಅಡಿಕೆ ಕೊಯ್ಲಿಗೆ ಕಂತು ಮಾಡಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಒಳಿಮುರಿಯಲ್ಲಿ ಕೊಟ್ಟ ಹಣ ಎಷ್ಟೋ ಅಷ್ಟೇ ಬರೆಸಿ. ಕಂತು ಬಾಕಿ ಇರುವಾಗ ಪೂರ್ತಿ ಹಕ್ಕು ಬಿಡಿಸಿಕೊಳ್ಳುವುದು ಅಕ್ಕನಿಗೆ ಅಪಾಯ, ಅದಕ್ಕೊಂದು ಭದ್ರತೆ ಬೇಕು.

ಅಕ್ಕ ತಾನಾಗಿ ಬಿಟ್ಟುಕೊಟ್ಟರೆ? ಬಿಡಬಹುದು, ಅದು ಅವಳ ಹಕ್ಕು. ಆದರೆ ಪಾಲು ಎಷ್ಟೆಂದು ಗೊತ್ತಿಲ್ಲದವಳು ಬಿಟ್ಟದ್ದು ಬಿಟ್ಟ ಹಾಗಲ್ಲ. ಅಕ್ಕ ನಿಮ್ಮನ್ನು ಕೇಳಿದ್ದೂ ಅಷ್ಟೇ ನೋಡಿ: ಎಷ್ಟು ಅಂತ ಹೇಳು. ಕೊಡು ಅಂತ ಇನ್ನೂ ಕೇಳಿಲ್ಲ. ನಾಗನ ಹೆಸರಿನಲ್ಲಿ ಹೆದರಿಸಿ ತೆಗೆದುಕೊಂಡ ಸಹಿಯನ್ನು ನಾಳೆ ಕೋರ್ಟಿನಲ್ಲಿ ಪ್ರಶ್ನಿಸಬಹುದು, ನಿಮ್ಮ ಸಾಲಕ್ಕೂ ಮಕ್ಕಳಿಗೂ ಅದು ತಲೆನೋವು.

ಅಮ್ಮ ಇರುವವರೆಗೆ ಸುಮ್ನೆ ಹೀಗೇ ಬಿಡುವುದೂ ಒಂದು ದಾರಿ. ಬಹಳ ಮಂದಿ ಇದನ್ನೇ ಹಿಡಿಯುತ್ತಾರೆ. ನನಗೆ ಇದು ಇಷ್ಟವಿಲ್ಲ. ಅಮ್ಮನಿಗೂ ಪಾಲಿದೆ, ಅವರ ಮಾತಿಗೂ ತೂಕವಿದೆ. ಇಬ್ಬರೂ ತಗ್ಗಿ ಮಾತಾಡುವುದು ಅವರು ಎದುರಿಗಿದ್ದಾಗ. ಅವರು ಹೋದ ಮೇಲೆ ಆ ಮೂರನೇ ಒಂದು ಪಾಲೇ ಹೊಸ ಜಗಳವಾಗುತ್ತದೆ. ಹಾಗಂತ ಅಮ್ಮನ ಪಾಲನ್ನು ಈಗಲೇ ನಿಮ್ಮ ಹೆಸರಿಗೆ ಬರೆಸಿಕೊಳ್ಳಲು ಓಡಬೇಡಿ. ಅದು ಅಕ್ಕನಿಗೆ ತಿಳಿದ ದಿನ ಉಳಿದ ಮಾತೆಲ್ಲ ನಿಂತುಹೋಗುತ್ತದೆ.

ದಾವೆ ಕಡೆಯ ದಾರಿ. ಹೋದರೆ ವರ್ಷಗಟ್ಟಲೆ. ಅದಕ್ಕಿಂತ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತು ಮಾತಾಡಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ, ಇದನ್ನು ಅಕ್ಕನಿಗೆ ನೀವೇ ಹೇಳಿದರೆ ನಿಮ್ಮ ಮೇಲೆ ಅವರಿಗೆ ನಂಬಿಕೆ ಬರುತ್ತದೆ. ಲೋಕ ಅದಾಲತಿನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ತೀರ್ಪಿನಷ್ಟೇ ಬೆಲೆ, ಮೇಲ್ಮನವಿಯ ಗೋಳಿಲ್ಲ.

ಯಾವ ದಾರಿ ಹಿಡಿದರೂ ನಾಗಬನವನ್ನು ಹಂಚಬೇಡಿ. ಅದರ ಸೆಂಟ್ಸನ್ನು ಅಳೆದು ಬೇರೆ ತೋರಿಸಿ, ಕುಟುಂಬದ ಎಲ್ಲರಿಗೂ ಸೇರಿದ್ದು ಎಂದು ಬರೆಸಿ. ಅಲ್ಲಿಗೆ ಹೋಗುವ ದಾರಿ, ತಂಬಿಲಕ್ಕೆ ಬರುವ ಹಕ್ಕು ಅಕ್ಕನಿಗೂ ಅಕ್ಕನ ಮಕ್ಕಳಿಗೂ ಇದೆ ಎಂದು ಒಂದು ಸಾಲು ಸೇರಿಸಿ. ಇದೇ ತರಹ ಬರೆದ ಭಾಗಪತ್ರಗಳು ನನ್ನ ಕಪಾಟಿನಲ್ಲಿ ಬಹಳ ಇವೆ. ಚಿಕ್ಕಪ್ಪನ ಹೆದರಿಕೆಗೂ ಅದು ಉತ್ತರ. ಅವರನ್ನು ಹೊರಗಿಡಬೇಡಿ, ಸಾಕ್ಷಿ ಸಹಿಗೆ ಅವರನ್ನೇ ಕರೆಯಿರಿ.

ಕಾಗದದ ಮಾತಿಗೆ ಮೊದಲು ಒಮ್ಮೆ ಮುಳ್ಳೇರಿಯಕ್ಕೆ ಹೋಗಿ ಬನ್ನಿ. ದೀಪಾವಳಿಯ ಬಿದಿಗೆಗೇ ಹೋದರೆ ಒಳ್ಳೆಯದು. ಅಮ್ಮನನ್ನೂ ಕರೆದುಕೊಂಡು ಹೋಗಿ, ಮಧ್ಯಾಹ್ನದ ಊಟ ಅಲ್ಲೇ ಮಾಡಿ. ಭಾವನ ಎದುರು ಲೆಕ್ಕ ತೆಗೆಯಬೇಡಿ, ಆಧಾರದ ಫೈಲು ಮನೆಯಲ್ಲೇ ಇರಲಿ. ಹೊರಡುವಾಗ ಅಕ್ಕ ಕೇಳಿದ್ದಕ್ಕೆ ಉತ್ತರ ಕೊಟ್ಟು ಬನ್ನಿ: ಅಪ್ಪ ಕೊಂಡ ತೋಟದಲ್ಲಿ ನಿನಗೆ ಮೂರರಲ್ಲಿ ಒಂದು ಪಾಲಿದೆ, ಅಜ್ಜನ ಜಾಗದ್ದನ್ನು ಇಬ್ಬರೂ ಸೇರಿ ಕೇಳಿ ತಿಳಿಯೋಣ ಅಂತ.

ಆಮೇಲೆ ನನ್ನ ಹತ್ತಿರವೋ ನಿಮ್ಮ ನಂಬಿಕೆಯ ಬೇರೆ ವಕೀಲರ ಹತ್ತಿರವೋ ಹೋಗುವಾಗ ತಂದೆಯ ಮರಣ ಪ್ರಮಾಣಪತ್ರ, ವಾರಸುದಾರರ ಸರ್ಟಿಫಿಕೇಟು, ಎರಡೂ ಜಾಗದ ಮೂಲ ಆಧಾರ, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ ತೆಗೆದುಕೊಂಡು ಹೋಗಿ. ಅಜ್ಜನ ಕಾಲದ ಹಳೆಯ ಪಾಲುಪಟ್ಟಿ ಪೆಟ್ಟಿಗೆಯಲ್ಲಿ ಇದ್ದರೆ ಅದನ್ನೂ ಹುಡುಕಿ. ಅಕ್ಕನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳಿ.